ಯೆಜ್ಡಿಗೆ ಪೆಟ್ರೋಲ್ ಜೊತೆ ಆಯಿಲ್ ಯಾಕೆ ಬೆರೆಸಬೇಕು?

ಮಂಡ್ಯದ ಹುಡುಗ:
ಅಪ್ಪನ ಯೆಜ್ಡಿ ರೋಡ್‌ಕಿಂಗ್ ಈಗ ನನ್ನ ಕೈಗೆ ಬಂದಿದೆ. ಹೋದ ಭಾನುವಾರ ಬರೀ ಪೆಟ್ರೋಲ್ ಹಾಕಿಸಿ ಮೈಸೂರಿಗೆ ಹೊರಟೆ. ಶ್ರೀರಂಗಪಟ್ಟಣದ ಹತ್ತಿರ ಇಂಜಿನ್ ಗಕ್ಕನೆ ಹಿಡಿದುಕೊಂಡಿತು. ಪೆಟ್ರೋಲಿಗೆ ಆಯಿಲ್ ಬೆರೆಸಬೇಕಿತ್ತಂತೆ. ನನ್ನ ಇನ್ನೊಂದು ಬೈಕಿಗೆ ಹಾಗೇನಿಲ್ಲ. ಇದಕ್ಕೆ ಮಾತ್ರ ಯಾಕೆ?

ಹಳೇ ಸ್ಪ್ಯಾನರ್, ಮೈಸೂರು:
ತಮ್ಮಾ, ಮೊದಲು ಕಿಕ್ ಹೊಡೆಯುವುದು ನಿಲ್ಲಿಸು. ಬೋರ್, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರ್, ಬಿಚ್ಚಿ ನೋಡದೆ ಸ್ಟಾರ್ಟ್ ಮಾಡಬೇಡ.

ನಿನ್ನ ಇನ್ನೊಂದು ಬೈಕು ಫೋರ್ ಸ್ಟ್ರೋಕ್. ಎಳೆಯುವುದು, ಒತ್ತುವುದು, ಉರಿಸುವುದು, ಹೊಗೆ ತಳ್ಳುವುದು, ಎಲ್ಲವೂ ಪಿಸ್ಟನ್ ಮೇಲುಗಡೆಯೇ ನಡೆಯುತ್ತದೆ. ಕೆಳಗೆ ಕ್ರ್ಯಾಂಕ್ ತಿರುಗುವ ಪೆಟ್ಟಿಗೆಗೆ, ಅಂದರೆ ಕ್ರ್ಯಾಂಕ್‌ಕೇಸಿಗೆ, ಪೆಟ್ರೋಲ್ ಹೋಗುವುದಿಲ್ಲ. ಹಾಗಾಗಿ ಅಲ್ಲಿ ಆಯಿಲ್ ತುಂಬಿಡಬಹುದು.

ಈ ಹಳೇ ಯೆಜ್ಡಿ ಟೂ ಸ್ಟ್ರೋಕ್. ವಾಲ್ವೇ ಇಲ್ಲ. ಸಿಲಿಂಡರ್ ಗೋಡೆಯಲ್ಲಿ ಕಿಂಡಿಗಳಿವೆ, ಅವನ್ನು ಮುಚ್ಚಿ ತೆರೆಯುವುದು ಪಿಸ್ಟನ್ನೇ. ಅದು ಮೇಲೆ ಹೋಗುವಾಗ ಮೇಲಿನದನ್ನು ಒತ್ತುತ್ತದೆ, ಅದೇ ಹೊತ್ತಿಗೆ ಕೆಳಗೆ ಕ್ರ್ಯಾಂಕ್‌ಕೇಸಿಗೆ ಹೊಸ ಪೆಟ್ರೋಲ್ ಗಾಳಿ ಎಳೆದುಕೊಳ್ಳುತ್ತದೆ. ಕಿಡಿ ಹೊತ್ತಿ ಕೆಳಗೆ ಬರುವಾಗ ಹೊಗೆ ಹೊರಗೆ, ಕೆಳಗಿನ ಗಾಳಿ ಮೇಲಕ್ಕೆ. ಕ್ರ್ಯಾಂಕ್ ಒಂದು ಸುತ್ತು ಹಾಕಿದರೆ ಒಂದು ಹೊಡೆತ. ಫೋರ್ ಸ್ಟ್ರೋಕಿಗೆ ಎರಡು ಸುತ್ತು ಬೇಕು.

ಈಗ ಹೇಳು, ಪೆಟ್ರೋಲ್ ಓಡಾಡುವ ಕ್ರ್ಯಾಂಕ್‌ಕೇಸಿನಲ್ಲಿ ಆಯಿಲ್ ನಿಲ್ಲಿಸಲು ಆಗುತ್ತದಾ? ಅದಕ್ಕೇ ಪೆಟ್ರೋಲ್ ಜೊತೆಗೇ ಕಳಿಸುವುದು. ಬೇರಿಂಗಿಗೂ ಪಿಸ್ಟನ್ನಿಗೂ ಅದೇ ಜೀವ. ನಾನು ಲೀಟರಿಗೆ 40 ಎಂ.ಎಲ್. 2ಟಿ ಆಯಿಲ್ (ಟೂ ಸ್ಟ್ರೋಕ್ ಇಂಜಿನ್ನಿನ ಆಯಿಲ್) ಹಾಕುತ್ತೇನೆ. ಗೇರ್‌ಬಾಕ್ಸ್ ಆಯಿಲ್ ಬೇರೆ. ಅದು ತುಂಬಿದೆ ಅಂತ ಧೈರ್ಯ ಮಾಡಬೇಡ.

ಯೆಜ್ಡಿ ತಯಾರಾಗುತ್ತಿದ್ದ ನಮ್ಮ ಮೈಸೂರಿನ ಯಾದವಗಿರಿಯ ಫ್ಯಾಕ್ಟರಿ 1996ರಲ್ಲಿ ಮುಚ್ಚಿತು. ಅದಕ್ಕೂ ಮುಂಚಿನಿಂದ ಈ ಗಾಡಿಗಳನ್ನು ಬಿಚ್ಚಿ ಜೋಡಿಸುತ್ತಿದ್ದೇನೆ. ಸರಿಯಾಗಿ ನೋಡಿಕೊಂಡರೆ ಇವು ಕೈ ಕೊಡುವುದಿಲ್ಲ. ನಿಮ್ಮಪ್ಪನ ಗಾಡಿಯನ್ನು ಗುಜರಿಗೆ ಮಾತ್ರ ಹಾಕಬೇಡ.

ಬೆಟ್ಟದ ಸವಾರ:
ಇನ್ನೊಂದು ಮಾತು. ಚಾಮುಂಡಿ ಬೆಟ್ಟ ಇಳಿಯುವಾಗ ಗೇರಿನಲ್ಲೇ ಇದ್ದು ಆಕ್ಸಿಲರೇಟರ್ ಪೂರ್ತಿ ಮುಚ್ಚಿಕೊಂಡು ಬರಬೇಡಿ. ಪೆಟ್ರೋಲ್ ಕಮ್ಮಿಯಾದರೆ ಆಯಿಲೂ ಕಮ್ಮಿ, ಇಂಜಿನ್ ಮಾತ್ರ ಜೋರಾಗಿ ತಿರುಗುತ್ತಿರುತ್ತದೆ. ಆಗಾಗ ಸ್ವಲ್ಪ ತಿರುವಿ ಕೊಡಿ.

ಮಂಡ್ಯದ ಹುಡುಗ:
ಬೋರ್ ಬಿಚ್ಚಿಸಿದೆ ಸಾರ್. ಪಿಸ್ಟನ್ ಮೇಲೆ ಉದ್ದಕ್ಕೂ ಗೀರು ಬಿದ್ದಿದೆ. ಬೋರಿಂಗ್ ಮಾಡಿಸಿ, ಅಂದರೆ ಸಿಲಿಂಡರ್ ಒಳಗೋಡೆ ಕೊರೆಸಿ, ಸ್ವಲ್ಪ ದೊಡ್ಡ ಅಳತೆಯ (ಓವರ್‌ಸೈಜ್) ಪಿಸ್ಟನ್ ಹಾಕಬೇಕಂತೆ. ಅಪ್ಪ ಟೂಲ್‌ಬಾಕ್ಸಿನಲ್ಲಿ ಒಂದು ಸಣ್ಣ ಅಳತೆ ಲೋಟ ಇಟ್ಟಿದ್ದರು. ಅದು ಯಾಕೆ ಅಂತ ಈಗ ಗೊತ್ತಾಯಿತು.