ಮಿಯಾಟಾಗೆ ಬೇರೆ ಸೈಲೆನ್ಸರ್: ಮನೆ ಗ್ಯಾರೇಜ್‌ನಲ್ಲೇ ಹಾಕಬಹುದಾ?

ಕೆಂಪು_ಮಿಯಾಟಾ (ಫ್ರೀಮಾಂಟ್, ಕ್ಯಾಲಿಫೋರ್ನಿಯಾ)

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 2019ರ ಮಾಜ್ದಾ ಎಂಎಕ್ಸ್-5, ಅಂದರೆ ಮಿಯಾಟಾ ಇದೆ. 2 ಲೀಟರ್ ಎಂಜಿನ್, ಆರು ಗೇರ್ ಮ್ಯಾನ್ಯುಯಲ್, ಬಟ್ಟೆಯ ಟಾಪ್. ಸೆಕೆಂಡ್ ಹ್ಯಾಂಡ್. ಗಾಡಿ ಬಗ್ಗೆ ಒಂದೇ ಒಂದು ತಕರಾರು, ಅದು ಸದ್ದು. 7,500 ಆರ್‌ಪಿಎಂ ತನಕ ತಿರುಗುವ ಎಂಜಿನ್, ಆದರೆ ಹಿಂದಿನಿಂದ ಬರುವುದು ಹೊಲಿಗೆ ಮೆಷಿನ್ ಸದ್ದು.

ಇಲ್ಲೊಬ್ಬರು ಅದೇ ಮಾಡೆಲ್ ಮಾರುವಾಗ ತಮ್ಮ ಆಕ್ಸಲ್-ಬ್ಯಾಕ್ ಸೈಲೆನ್ಸರ್ ಬಿಚ್ಚಿ ಇಟ್ಟುಕೊಂಡಿದ್ದರು. ಅಗ್ಗಕ್ಕೆ ಕೊಟ್ಟರು, ತಂದುಬಿಟ್ಟೆ. ಈಗ ಅದು ಗ್ಯಾರೇಜ್ ಮೂಲೆಯಲ್ಲಿ ಕೂತಿದೆ, ಹೆಂಡತಿ ದಿನಾ ಅದನ್ನು ನೋಡಿ ನನ್ನನ್ನು ನೋಡುತ್ತಾಳೆ.

ಆಯಿಲ್ ಬದಲಾಯಿಸುವುದು, ಬ್ರೇಕ್ ಪ್ಯಾಡ್ ಹಾಕುವುದು ನನಗೆ ಬರುತ್ತದೆ. ಫ್ಲೋರ್ ಜಾಕ್ ಇದೆ, ಒಂದು ಜೊತೆ ಜಾಕ್ ಸ್ಟ್ಯಾಂಡ್ ಇದೆ. ಎಕ್ಸಾಸ್ಟ್ ಕೆಲಸಕ್ಕೆ ಮಾತ್ರ ಕೈ ಹಾಕಿಲ್ಲ. ಇನ್ನೊಂದು ವಿಷಯ ಏನಂದರೆ ಈ ಕಾರಿನ ಮೊದಲ ಓನರ್ ಷಿಕಾಗೋದವರು, ಚಳಿಗಾಲದಲ್ಲಿ ಉಪ್ಪು ಸುರಿದ ರಸ್ತೆಯಲ್ಲೂ ಓಡಿಸಿದ್ದಾರೆ ಅನ್ನಿಸುತ್ತದೆ, ಬಗ್ಗಿ ನೋಡಿದರೆ ಫ್ಲ್ಯಾಂಜ್ (ಎರಡು ಪೈಪ್ ಸೇರುವ ಬಿಲ್ಲೆ) ಹತ್ತಿರದ ನಟ್‌ಗಳು ನಟ್ ಅಂತ ಗುರುತೇ ಸಿಗದ ಹಾಗೆ ಕಂದು ಬಣ್ಣಕ್ಕೆ ತಿರುಗಿವೆ.

ಪವರ್ ಏನಾದರೂ ಜಾಸ್ತಿ ಆಗುತ್ತಾ? ಇಸಿಯು (ಎಂಜಿನ್ನಿನ ಕಂಪ್ಯೂಟರ್) ಟ್ಯೂನ್ ಮಾಡಿಸಬೇಕಾ? ಸ್ಮಾಗ್ ಟೆಸ್ಟ್‌ನಲ್ಲಿ (ಹೊಗೆ ತಪಾಸಣೆ) ತೊಂದರೆ ಆಗುತ್ತಾ? ಹೈವೇಯಲ್ಲಿ ಒಂದೇ ಸಮನೆ ಗುಂಯ್ ಅಂದು ತಲೆನೋವು ಬರಿಸುವ ಸದ್ದು, ಡ್ರೋನ್ ಅಂತಾರಲ್ಲ, ಅದು ಎಷ್ಟು ನಿಜ? ಮಾರಿದವರು ಪೂರ್ತಿ ಸ್ಟೇನ್‌ಲೆಸ್ ಅಂದರು, ಅದನ್ನೂ ಹೇಗೆ ನೋಡುವುದು ಅಂತ ತಿಳಿಸಿ.

---

ಗ್ಯಾರೇಜ್_ಗೌಡ (ನ್ಯೂಜೆರ್ಸಿ)

ಧಾರಾಳವಾಗಿ ಮಾಡಬಹುದು. ಆಕ್ಸಲ್-ಬ್ಯಾಕ್ ಅಂದರೆ ಕೊನೆಯ ಡಬ್ಬ ಮಾತ್ರ. ಒಂದು ಫ್ಲ್ಯಾಂಜ್ ಬಿಚ್ಚಬೇಕು, ರಬ್ಬರ್ ಹ್ಯಾಂಗರ್ ಕಳಚಬೇಕು, ಹಳೆಯದು ಕೆಳಗೆ, ಹೊಸದು ಮೇಲೆ. ಕಷ್ಟ ಅನ್ನುವುದೆಲ್ಲ ನೀವೇ ಹೇಳಿದ ಆ ಕಂದು ನಟ್‌ಗಳಲ್ಲಿದೆ.

ನಟ್‌ಗಿಂತ ಮೊದಲು ಗಾಡಿ ಎತ್ತುವ ಮಾತು, ಯಾಕಂದರೆ ಬ್ರೇಕ್ ಪ್ಯಾಡ್ ಹಾಕುವಾಗ ಮೈ ಹೊರಗಿರುತ್ತದೆ, ಈ ಕೆಲಸದಲ್ಲಿ ಎದೆ ಮೇಲೇ ಕಾರು. ಮಿಯಾಟಾದಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರ, ಗೇರಲ್ಲಿ ನಿಲ್ಲಿಸಿದರೂ ತಡೆಯುವುದು ಹಿಂದಿನ ಚಕ್ರವನ್ನೇ. ನೀವು ಎತ್ತುವುದೂ ಹಿಂಭಾಗವನ್ನೇ! ಅಂದರೆ ಹಿಂದಿನ ಚಕ್ರ ನೆಲ ಬಿಟ್ಟ ಮೇಲೆ ಗಾಡಿಯನ್ನು ಹಿಡಿದುಕೊಳ್ಳುವವರು ಯಾರೂ ಇಲ್ಲ. ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಎರಡೂ ಕಡೆ ಉರುಳದಂತೆ ತಡೆಯುವ ಗಟ್ಟಿ ಚಾಕ್ (ಅಡ್ಡತುಂಡು) ಕೊಡಿ. ಸಮತಟ್ಟಾದ ಕಾಂಕ್ರೀಟ್ ನೆಲ ಇರಲಿ, ಡ್ರೈವ್‌ವೇ ಇಳಿಜಾರಲ್ಲಿ ಬೇಡವೇ ಬೇಡ. ಜಾಕ್ ಕೊಡುವುದು ಮ್ಯಾನ್ಯುಯಲ್‌ನಲ್ಲಿ ತೋರಿಸಿದ ಜಾಗಕ್ಕೆ ಮಾತ್ರ. ಪಕ್ಕದ ತಗಡಿನ ಅಂಚಿಗೆ ಕೊಡುವುದಾದರೆ ನಡುವೆ ಗೀರು ಇರುವ ರಬ್ಬರ್ ಪ್ಯಾಡ್ ಇಡಿ, ಇಲ್ಲದಿದ್ದರೆ ಅಂಚು ಮಡಚಿಕೊಳ್ಳುತ್ತದೆ. ಸ್ಟ್ಯಾಂಡ್ ಮೇಲೆ ಕೂರಿಸಿದ ಮೇಲೆ ಪಕ್ಕದಿಂದ ಜೋರಾಗಿ ಒಮ್ಮೆ ಅಲ್ಲಾಡಿಸಿ. ಬೀಳುವುದಾದರೆ ನೀವು ಕೆಳಗಿಲ್ಲದಾಗಲೇ ಬೀಳಲಿ.

ಈಗ ನಟ್. ಹಿಂದಿನ ರಾತ್ರಿಯೇ ಪೆನೆಟ್ರೇಟಿಂಗ್ ಆಯಿಲ್ ಹೊಡೆದು ಬಿಡಿ, ಬೆಳಿಗ್ಗೆ ಇನ್ನೊಮ್ಮೆ. ಮನೆಯಲ್ಲಿರುವ ಮಾಮೂಲಿ ಡಬ್ಲ್ಯುಡಿ-40 ಈ ಕೆಲಸಕ್ಕೆ ಅಷ್ಟಕ್ಕಷ್ಟೇ, ಇದಕ್ಕೆಂದೇ ಮಾಡಿದ ಸ್ಪ್ರೇ ಸಿಗುತ್ತದೆ. ಮೊದಲು ವೈರ್ ಬ್ರಷ್ ಹಾಕಿ ಹೊರಗೆ ಕಾಣುವ ಎಳೆಗಳನ್ನು ಚೆನ್ನಾಗಿ ಉಜ್ಜಿ, ತುಕ್ಕಿನ ಪುಡಿ ಎಳೆಯೊಳಗೆ ಕೂತಿದ್ದರೆ ನಟ್ ಅರ್ಧ ದಾರಿಗೆ ಬಂದು ಕಚ್ಚಿಕೊಳ್ಳುತ್ತದೆ. ಆರು ಮೂಲೆಯ ಸಾಕೆಟ್ಟೇ ಹಾಕಿ, ಹನ್ನೆರಡು ಮೂಲೆಯದು ತುಕ್ಕು ತಿಂದ ನಟ್ಟಿನ ತಲೆ ಸವೆಸುತ್ತದೆ. ಬಿಚ್ಚುವ ಮೊದಲು ಒಂದು ಕೂದಲೆಳೆಯಷ್ಟು ಬಿಗಿ ಮಾಡಿ, 'ಟಕ್' ಅಂತ ತುಕ್ಕು ಬಿಟ್ಟ ಸದ್ದು ಬರುತ್ತದೆ, ಆಮೇಲೆ ಹಿಂದಕ್ಕೆ ತಿರುಗಿಸಿ. ಅಲ್ಲಾಡದಿದ್ದರೆ ಹಿಂದೆ ಮುಂದೆ, ಹಿಂದೆ ಮುಂದೆ, ಇನ್ನಷ್ಟು ಆಯಿಲ್. ಉದ್ದ ಪೈಪ್ ಹಾಕಿ ಒಂದೇ ಸಲ ಎಳೆದರೆ ಬೋಲ್ಟ್ ತುಂಡಾಗುವುದು ಗ್ಯಾರಂಟಿ.

ಬೆಂಕಿ ಹಾಕಿ ಕಾಯಿಸಿ ಅಂತ ಯಾರಾದರೂ ಖಂಡಿತ ಹೇಳುತ್ತಾರೆ. ಲಿಫ್ಟ್ ಇರುವ ಅಂಗಡಿಯಲ್ಲಿ ಅದು ಸರಿ. ನೀವು ಮಲಗಿಕೊಂಡು ಮಾಡುತ್ತಿದ್ದೀರಿ, ಈಗಷ್ಟೇ ಹೊತ್ತಿಕೊಳ್ಳುವ ಎಣ್ಣೆ ಹೊಡೆದಿದ್ದೀರಿ, ಈ ಕಾರಿನ ಪೆಟ್ರೋಲ್ ಟ್ಯಾಂಕ್ ಇರುವುದು ಸೀಟಿನ ಹಿಂದೆ, ಹಿಂದಿನ ಆಕ್ಸಲ್‌ನ ಮುಂದೆ. ಬೇಕಾ? ಬರದಿದ್ದರೆ ಹ್ಯಾಕ್ಸಾದಲ್ಲಿ ಕೊಯ್ದು ಹೊಸ ಬೋಲ್ಟ್ ನಟ್ ಹಾಕಿ.

ಹ್ಯಾಂಗರ್ ರಬ್ಬರ್‌ಗೆ ಸಿಲಿಕಾನ್ ಸ್ಪ್ರೇ, ಇಲ್ಲವೇ ಪಾತ್ರೆ ತೊಳೆಯುವ ಸೋಪಿನ ನೀರು. ಎಂಜಿನ್ ಆಯಿಲ್, ಗ್ರೀಸ್ ಹಚ್ಚಬೇಡಿ, ರಬ್ಬರ್ ಉಬ್ಬುತ್ತದೆ. ಹ್ಯಾಂಗರ್ ಕಳಚುವ ಇಕ್ಕಳ ಅಂತಲೇ ಸಿಗುತ್ತದೆ, ತಗೊಳ್ಳಿ, ಸ್ಕ್ರೂಡ್ರೈವರ್ ಹಾಕಿ ಎಬ್ಬುವ ಕಷ್ಟ ಶತ್ರುವಿಗೂ ಬೇಡ. ಕೊನೆಯ ಹ್ಯಾಂಗರ್ ತೆಗೆಯುವ ಮೊದಲು ಡಬ್ಬದ ಕೆಳಗೆ ಮರದ ತುಂಡೋ ಇನ್ನೊಂದು ಜಾಕೋ ಇಡಿ. ಕಂಪನಿ ಸೈಲೆನ್ಸರ್ ಎಷ್ಟು ಭಾರ ಅಂತ ಆಗ ಗೊತ್ತಾಗುತ್ತದೆ.

ಫ್ಲ್ಯಾಂಜ್ ನಡುವಿನ ಗ್ಯಾಸ್ಕೆಟ್ ಹೊಸದು ಹಾಕಿ. ಹಳೇದನ್ನೇ ಹಾಕಿ ನಾಲ್ಕು ಕಾಸು ಉಳಿಸುವವರನ್ನು ಕಂಡಿದ್ದೇನೆ, ಆಮೇಲೆ ಟಿಕ್ ಟಿಕ್ ಅಂತ ಸದ್ದು ಎಲ್ಲಿಂದ ಬರುತ್ತಿದೆ ಅಂತ ತಿಂಗಳುಗಟ್ಟಲೆ ಹುಡುಕುತ್ತಾರೆ.

---

ಸದ್ದು_ಶಾಸ್ತ್ರಿ (ಡೆಟ್ರಾಯಿಟ್ ಹತ್ತಿರ)

ಗೌಡ್ರು ಹೇಳಿದ್ದೆಲ್ಲ ಸರಿ. ನನ್ನ ಹೊಟ್ಟೆಪಾಡು ಸದ್ದು ಮತ್ತು ಕಂಪನದ ಲೆಕ್ಕ, ಹಾಗಾಗಿ ಡ್ರೋನ್ ವಿಷಯ ನಾನು ಬರೆಯುತ್ತೇನೆ.

ನಾಲ್ಕು ಸಿಲಿಂಡರ್, ನಾಲ್ಕು ಸ್ಟ್ರೋಕ್ ಎಂಜಿನ್‌ನಲ್ಲಿ ಕ್ರ್ಯಾಂಕ್ ಒಂದು ಸುತ್ತು ತಿರುಗಿದರೆ ಎರಡು ಸಲ ಉರಿ. ನಿಮ್ಮ ಕಾರಿನಲ್ಲಿ ಆರನೇ ಗೇರ್ ನೇರ 1:1, ಫೈನಲ್ ಡ್ರೈವ್ 2.866. 17 ಇಂಚಿನ ಟೈರ್ ಇದ್ದರೆ ಗಂಟೆಗೆ 70 ಮೈಲಿ ವೇಗಕ್ಕೆ ಸುಮಾರು 2,800 ಆರ್‌ಪಿಎಂ. ಅದನ್ನು 60ರಿಂದ ಭಾಗಿಸಿ 2ರಿಂದ ಗುಣಿಸಿ, ಸುಮಾರು 93 ಹರ್ಟ್ಸ್ ಬರುತ್ತದೆ. ಕಿವಿಗಿಂತ ಹೆಚ್ಚಾಗಿ ತಲೆಬುರುಡೆಗೆ ಕೇಳಿಸುವ ಗುಂಯ್ ಅದು. ಪುಟ್ಟ ಕ್ಯಾಬಿನ್, ಮೇಲೆ ಬಟ್ಟೆ, ಅಲ್ಲಿ ಅದು ಇನ್ನೂ ಎದ್ದು ಕೇಳುತ್ತದೆ. ಫ್ರೀಮಾಂಟ್‌ನಿಂದ ಎಲ್‌ಎ ಕಡೆಗೆ ಐ-5ರಲ್ಲಿ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಹೋಗುತ್ತೀರಲ್ಲ, ಅಷ್ಟೂ ಹೊತ್ತು ಅದೇ ಶ್ರುತಿ. ಊರೊಳಗೆ ಗೇರ್ ಬದಲಾಯಿಸುತ್ತಾ ಓಡಿಸುವಾಗ ಗೊತ್ತೇ ಆಗುವುದಿಲ್ಲ, ಅದಕ್ಕೇ ಎಷ್ಟೋ ಜನ ಮೊದಲ ವಾರ ಸಖತ್ ಅನ್ನುತ್ತಾರೆ, ಲಾಂಗ್ ಡ್ರೈವ್ ಮುಗಿಸಿ ಬಂದವರೇ ಮಾರಾಟಕ್ಕೆ ಹಾಕುತ್ತಾರೆ. ನಿಮಗೆ ಮಾರಿದವರನ್ನು ಆ ಪ್ರಶ್ನೆ ಕೇಳಿದಿರಾ?

ಯೂಟ್ಯೂಬ್ ನೋಡಿ ಸದ್ದು ತೀರ್ಮಾನಿಸಬೇಡಿ. ಫೋನಿನ ಮೈಕ್ ಜೋರು ಸದ್ದನ್ನು ತಾನೇ ತಗ್ಗಿಸುತ್ತದೆ, ನಿಮ್ಮ ಫೋನಿನ ಸ್ಪೀಕರ್‌ನಿಂದ 93 ಹರ್ಟ್ಸ್ ಸರಿಯಾಗಿ ಹೊರಗೇ ಬರುವುದಿಲ್ಲ. ನಿಮ್ಮ ಕಡೆ ಮಿಯಾಟಾ ಓಡಿಸುವವರಿಗೆ ಬರ ಇಲ್ಲ. ಇದೇ ಸೈಲೆನ್ಸರ್ ಇರುವವರ ಪಕ್ಕದ ಸೀಟಲ್ಲಿ ಕೂತು, ಟಾಪ್ ಮುಚ್ಚಿಸಿ, ಹೈವೇಗೆ ಒಂದು ಸುತ್ತು ಹೋಗಿ ಬನ್ನಿ.

ಡ್ರೋನ್ ಇದ್ದರೆ ಮದ್ದು ಇದೆ. ಪೈಪಿನ ಪಕ್ಕಕ್ಕೆ ಒಂದು ತುದಿ ಮುಚ್ಚಿದ ಕೊಳವೆ ಬೆಸುಗೆ ಹಾಕಿಸುತ್ತಾರೆ, ಜೆ-ಪೈಪ್ ಅಂತಾರೆ. ಅದರ ಉದ್ದ ಆ ತರಂಗದ ಕಾಲು ಭಾಗ ಇರಬೇಕು. ಒಳಗೆ ಹೋದ ಸದ್ದು ತುದಿಗೆ ಬಡಿದು ವಾಪಸ್ ಬರುವಷ್ಟರಲ್ಲಿ ಉಲ್ಟಾ ಆಗಿರುತ್ತದೆ, ಬರುತ್ತಿರುವ ಸದ್ದನ್ನು ಅದೇ ಹೊಡೆದುಹಾಕುತ್ತದೆ. 93 ಹರ್ಟ್ಸ್‌ಗೆ ತಣ್ಣನೆ ಗಾಳಿಯ ಲೆಕ್ಕದಲ್ಲಿ 92 ಸೆಂಟಿಮೀಟರ್, ಬಿಸಿ ಅನಿಲದಲ್ಲಿ ಸದ್ದು ಬೇಗ ಓಡುವುದರಿಂದ ಒಂದು ಮೀಟರ್ ದಾಟುತ್ತದೆ. ಮಿಯಾಟಾ ಕೆಳಗೆ ಅಷ್ಟುದ್ದದ ಕೊಳವೆಗೆ ಜಾಗ ಹುಡುಕುವುದೇ ದೊಡ್ಡ ತಲೆನೋವು. ಒಳಗೆ ರೆಸೊನೇಟರ್ (ಇಂಥ ಸದ್ದು ತಗ್ಗಿಸುವ ಕೋಣೆ) ಇರುವ ಸೈಲೆನ್ಸರ್ ಮೊದಲೇ ಆರಿಸುವುದು ಸುಲಭ.

ಪವರ್ ಕೇಳಿದಿರಿ. ಮರೆತುಬಿಡಿ. 181 ಎಚ್‌ಪಿ ಇದೆ, ಅಷ್ಟೇ ಇರುತ್ತದೆ. ಟರ್ಬೋ ಇಲ್ಲದ ಎಂಜಿನ್‌ನಲ್ಲಿ ಕೊನೆಯ ಡಬ್ಬ ಬದಲಾಯಿಸಿ ಕುದುರೆ ಹುಟ್ಟಿಸಲು ಆಗುವುದಿಲ್ಲ. ತೂಕ ಸ್ವಲ್ಪ ಇಳಿಯಬಹುದು. ಟ್ಯೂನ್ ಬೇಡ. ಎರಡೂ ಆಕ್ಸಿಜನ್ ಸೆನ್ಸರ್ ಇರುವುದು ಮುಂದೆ, ಕ್ಯಾಟ್ (ಹೊಗೆ ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರ್) ಹತ್ತಿರ. ನೀವು ಮುಟ್ಟುವುದು ಅದಕ್ಕಿಂತ ಎಷ್ಟೋ ಹಿಂದೆ. ಚೆಕ್ ಎಂಜಿನ್ ಲೈಟ್ ಕೂಡ ಬರಬಾರದು. ಬಂತು ಅಂದರೆ ಬೇರೆ ಏನೋ ಆಗಿದೆ.

---

ಬೇ_ಏರಿಯಾ_ಭಟ್ಟ (ಸ್ಯಾನ್ ಹೋಸೆ)

ಕಾನೂನು ವಿಷಯ ನಾನು ಹೇಳುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ ಕ್ಯಾಟ್‌ನಿಂದ ಹಿಂದಕ್ಕೆ ಏನೇ ಬದಲಾಯಿಸಿದರೂ ಹೊಗೆ ವಿಷಯದಲ್ಲಿ ತಕರಾರಿಲ್ಲ, ಕಾರ್ಬ್‌ನ (ರಾಜ್ಯದ ವಾಯು ಮಂಡಳಿ) ಇಒ ನಂಬರ್, ಅಂದರೆ ಅನುಮತಿ ಸಂಖ್ಯೆ, ಬೇಡ. ಕ್ಯಾಟ್‌ಗಾಗಲಿ ಅದಕ್ಕಿಂತ ಮುಂದೆ ಎಂಜಿನ್‌ಗೆ ಸೇರುವ ಹೆಡರ್ ಪೈಪಿಗಾಗಲಿ ಕೈ ಹಾಕಿದರೆ ಆ ನಂಬರ್ ಬೇಕೇ ಬೇಕು, ಸ್ಮಾಗ್ ಚೆಕ್‌ನವರು ಕಣ್ಣಲ್ಲೂ ನೋಡುತ್ತಾರೆ. ಮೊದಲ 8 ಮಾಡೆಲ್ ವರ್ಷ ಸ್ಮಾಗ್ ವಿನಾಯಿತಿ ಇದೆ ಅಂತ ಕ್ಯಾಟ್ ಕಿತ್ತು ಓಡಾಡುವವರಿದ್ದಾರೆ. ಅದು ಫೆಡರಲ್ ಕಾನೂನಿಗೂ ವಿರುದ್ಧ. ಅಂಥವರ ಹಿಂದೆ ಸಿಗ್ನಲ್‌ನಲ್ಲಿ ಟಾಪ್ ತೆಗೆದು ನಿಂತರೆ ಮೂಗು ಮುಚ್ಚಿಕೊಳ್ಳಬೇಕು, ಅದು ಬೇರೆ ಮಾತು.

ಸದ್ದಿಗೆ ಮಿತಿ 95 ಡೆಸಿಬಲ್. 2019ರಿಂದ ಇಲ್ಲಿ ಎಕ್ಸಾಸ್ಟ್ ಸದ್ದಿನ ಕಾನೂನು ಬಿಗಿಯಾಯಿತು. ಮೊದಲು "ಸರಿ ಮಾಡಿಸಿ ತೋರಿಸು" ಅಂತ ಬಿಡುತ್ತಿದ್ದರು, ಆಮೇಲೆ ನೇರ ದಂಡ. ಪೊಲೀಸರ ಕೈಯಲ್ಲಿ ಮೀಟರ್ ಇರಲೇಬೇಕು ಅಂತೇನೂ ಇಲ್ಲ, ಅವರ ಕಿವಿಗೆ ಜಾಸ್ತಿ ಅನ್ನಿಸಿದರೂ ಚೀಟಿ ಹರಿಯಬಹುದು. ಹಾಗಾಗಿ ಬೆಳಗಿನ ಜಾವ ಕೋಲ್ಡ್ ಸ್ಟಾರ್ಟ್ ಮಾಡಿ ಗುರ್ ಅನ್ನಿಸುತ್ತಾ ನಿಲ್ಲಬೇಡಿ. ಪಕ್ಕದ ಮನೆಯವರ ಜೊತೆ ಚೆನ್ನಾಗಿರುವುದು ಸೈಲೆನ್ಸರ್‌ಗಿಂತ ಮುಖ್ಯ.

---

ಜೆಸಿ_ರೋಡ್_ಜಗ್ಗ (ಬೆಂಗಳೂರು)

ಮಾಜ್ದಾ ಇಲ್ಲಿ ಮಾರಾಟಕ್ಕೇ ಇಲ್ಲ, ನೀವು ಹೊಟ್ಟೆ ಉರಿಸುತ್ತಿದ್ದೀರಿ ಅಷ್ಟೇ 😄

ಇಲ್ಲಿ ಸೈಲೆನ್ಸರ್ ಬದಲಾಯಿಸಿ ಕರ್ಕಶ ಸದ್ದು ಮಾಡಿದರೆ ಮೋಟಾರು ವಾಹನ ಕಾಯ್ದೆಯ 190(2) ಹಾಕುತ್ತಾರೆ. ಕಾಗದದ ಮೇಲೆ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು, ಲೈಸೆನ್ಸ್ ಮೂರು ತಿಂಗಳು ಅಮಾನತು ಅಂತೆಲ್ಲ ಇದೆ. ಹಿಡಿದ ಸೈಲೆನ್ಸರ್‌ಗಳನ್ನು ರಸ್ತೆಯಲ್ಲಿ ಸಾಲಾಗಿ ಇಟ್ಟು ರೋಡ್ ರೋಲರ್ ಹತ್ತಿಸುತ್ತಾರೆ. ಹೆಚ್ಚಿನವು ಬುಲೆಟ್‌ಗಳದ್ದೇ ಬಿಡಿ.

ಸ್ಟೇನ್‌ಲೆಸ್ ಹೌದೋ ಅಲ್ಲವೋ ಅಂದರೆ ಫ್ರಿಜ್ ಮೇಲಿನ ಮ್ಯಾಗ್ನೆಟ್ ತಂದು ಹಿಡಿಯಿರಿ. ಅಂಟದಿದ್ದರೆ 304 ಇರಬೇಕು, ಒಳ್ಳೆಯದು. ಅಂಟಿತು ಅಂದ ತಕ್ಷಣ ಮೋಸ ಹೋದೆ ಅಂದುಕೊಳ್ಳಬೇಡಿ, 409 ಗ್ರೇಡೂ ಸ್ಟೇನ್‌ಲೆಸ್ಸೇ, ಅದಕ್ಕೆ ಅಂಟುತ್ತದೆ, ಮೇಲೆ ಸ್ವಲ್ಪ ಕಂದು ಬರುತ್ತದೆ ಅಷ್ಟೇ. ಬೆಸುಗೆ ಹಾಕಿದ ಜಾಗದಲ್ಲಿ ಹಿಡಿಯಬೇಡಿ, ಅಲ್ಲಿ 304 ಕೂಡ ಒಂಚೂರು ಎಳೆಯುತ್ತದೆ. ಬೆಸುಗೆ ಬಿರುಕು ಬಿಟ್ಟಿದೆಯಾ, ಒಳಗೆ ಏನಾದರೂ ಗಲಗಲ ಅನ್ನುತ್ತದೆಯಾ ಅಂತ ಅಲ್ಲಾಡಿಸಿ ನೋಡಿ. ಸೆಕೆಂಡ್ ಹ್ಯಾಂಡ್ ಡಬ್ಬದಲ್ಲಿ ಗ್ರೇಡ್‌ಗಿಂತ ಅದು ಮುಖ್ಯ.

---

ಸ್ಟುಟ್‌ಗಾರ್ಟ್_ಸೀನ (ಜರ್ಮನಿ)

ನೀವೆಲ್ಲ ಪುಣ್ಯವಂತರು. ಇಲ್ಲಿ ಸೈಲೆನ್ಸರ್ ಮೇಲೆ ಇ-ಮಾರ್ಕ್ ಅನ್ನುವ ಅನುಮೋದನೆ ಅಚ್ಚು ಇರಬೇಕು, ಇಲ್ಲವೇ ಎಬಿಇ ಅನ್ನುವ ಅನುಮತಿ ಕಾಗದ ಗಾಡಿಯಲ್ಲೇ ಇರಬೇಕು. ಎರಡೂ ಇಲ್ಲದೆ ರಸ್ತೆಗೆ ಇಳಿದರೆ ಗಾಡಿಯ ಪರವಾನಗಿಯೇ ರದ್ದಾಗಬಹುದು. ನಿಂತಾಗ ಎಷ್ಟು ಸದ್ದು ಇರಬೇಕು ಅನ್ನುವುದು ರಿಜಿಸ್ಟ್ರೇಷನ್ ಕಾಗದದಲ್ಲೇ ಯು.1 ಅನ್ನುವ ಕಡೆ ಬರೆದಿರುತ್ತದೆ. ಮುಗಿಯಿತಲ್ಲ, ವಾದಕ್ಕೆ ಜಾಗವೇ ಇಲ್ಲ.

---

ಕೆಂಪು_ಮಿಯಾಟಾ

ಎಲ್ಲರಿಗೂ ಥ್ಯಾಂಕ್ಸ್. ಮ್ಯಾಗ್ನೆಟ್ ಅಂಟಲಿಲ್ಲ, ಒಳಗೆ ಸದ್ದೂ ಇಲ್ಲ. ಮಾರಿದವರಿಗೆ ಫೋನ್ ಮಾಡಿ ಡ್ರೋನ್ ಕೇಳಿದೆ, "ನಾನು ಹೈವೇಯಲ್ಲಿ ಜಾಸ್ತಿ ಓಡಿಸುತ್ತಿರಲಿಲ್ಲ" ಅಂದರು. ಶಾಸ್ತ್ರಿಗಳೇ, ಇದು ಉತ್ತರ ಅಲ್ಲ ಅಲ್ವಾ? ಒಂದು ರೌಂಡ್ ಕೂತು ನೋಡಿಯೇ ಹಾಕುತ್ತೇನೆ. ಗೌಡ್ರೇ, ಹಾಕಿದ ಮೇಲೆ ಲೀಕ್ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳುವುದು ಹೇಗೆ? ಟಿಪ್ (ಪೈಪಿನ ಹಿಂದಿನ ತುದಿ) ಬಂಪರ್‌ಗೆ ತಾಗದ ಹಾಗೆ ಕೂರಿಸುವುದಕ್ಕೆ ಏನಾದರೂ ಉಪಾಯ ಇದೆಯಾ?

---

ಗ್ಯಾರೇಜ್_ಗೌಡ

ಮೊದಲು ಎಲ್ಲ ಸಡಿಲವಾಗಿಯೇ ತೂಗುಹಾಕಿ. ಹ್ಯಾಂಗರ್ ಎಲ್ಲ ಸಿಕ್ಕಿಸಿ, ಫ್ಲ್ಯಾಂಜ್ ನಟ್ ಬೆರಳಲ್ಲಿ ಮಾತ್ರ ತಿರುಗಿಸಿ, ಹಿಂದೆ ಹೋಗಿ ನಿಂತು ಟಿಪ್ ನೋಡಿ, ತಿರುಗಿಸಿ ಸರಿಮಾಡಿ. ಬಂಪರ್‌ಗೂ ಟಿಪ್‌ಗೂ ಸುತ್ತ ಒಂದು ಬೆರಳು ಆಡುವಷ್ಟು ಜಾಗ ಇರಲಿ, ಬಿಸಿಯಾದಾಗ ಪೈಪ್ ಹಿಗ್ಗುತ್ತದೆ, ಎಂಜಿನ್ ಜೊತೆ ಅಲುಗಾಡುತ್ತದೆ. ಆಮೇಲೆ ಎರಡೂ ನಟ್ಟನ್ನು ಒಂದರ ನಂತರ ಒಂದು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ, ಒಂದನ್ನೇ ಪೂರ್ತಿ ಬಿಗಿದರೆ ಫ್ಲ್ಯಾಂಜ್ ಓರೆಯಾಗಿ ಕೂರುತ್ತದೆ.

ಲೀಕ್ ನೋಡಲು ಎಂಜಿನ್ ಶುರುಮಾಡುವುದೇ ಬೇಡ. ಕಸ ಎಳೆಯುವ ಶಾಪ್ ವ್ಯಾಕ್ ಇದ್ದರೆ ಗಾಳಿ ಊದುವ ಕಡೆ ಪೈಪ್ ಸಿಕ್ಕಿಸಿ, ಬಟ್ಟೆ ಸುತ್ತಿ ಟಿಪ್ ಒಳಗೆ ತುರುಕಿ, ಎರಡು ಟಿಪ್ ಇದ್ದರೆ ಇನ್ನೊಂದನ್ನು ಮುಚ್ಚಿ. ಫ್ಲ್ಯಾಂಜ್ ಮೇಲೆ ಸೋಪಿನ ನೀರು ಸ್ಪ್ರೇ ಮಾಡಿ. ಗುಳ್ಳೆ ಎದ್ದರೆ ಲೀಕ್. ತಣ್ಣಗಿರುವಾಗಲೇ ಆಗುವ ಕೆಲಸ, ಕೈ ಸುಡುವುದಿಲ್ಲ.

ಎಂಜಿನ್ ಶುರುಮಾಡುವ ಮೊದಲು ಸೈಲೆನ್ಸರನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಪೂರ್ತಿ ಒರೆಸಿ. ಬೆರಳಿನ ಎಣ್ಣೆ ಗುರುತು ಬಿಸಿಗೆ ಸ್ಟೇನ್‌ಲೆಸ್ ಮೇಲೆ ಅಚ್ಚಾಗಿ ಕೂತರೆ ಆಮೇಲೆ ಹೋಗುವುದಿಲ್ಲ. ಗ್ಯಾರೇಜ್ ಬಾಗಿಲು ಪೂರ್ತಿ ತೆಗೆದು, ಗಾಡಿ ಹೊರಗೆ ತಂದು ಆಮೇಲೆ ಓಡಿಸಿ. ಮೊದಲ ಸಲ ಸ್ವಲ್ಪ ಹೊಗೆ, ವಾಸನೆ ಬರುತ್ತದೆ, ಅದು ನೀವು ಹೊಡೆದ ಆಯಿಲ್ ಸುಡುವುದು. ಐವತ್ತು ನೂರು ಮೈಲಿ ಆದ ಮೇಲೆ, ತಣ್ಣಗಾದಾಗ, ಇನ್ನೊಮ್ಮೆ ನಟ್ ಬಿಗಿ ನೋಡಿ. ಹಳೇ ಸೈಲೆನ್ಸರ್ ಎಸೆಯಬೇಡಿ, ಬಿಚ್ಚಿದ ನಟ್ ಬೋಲ್ಟ್ ಸಮೇತ ಕವರ್‌ಗೆ ಹಾಕಿ ಅಟ್ಟದ ಮೇಲಿಡಿ, ಕಾರು ಮಾರುವಾಗ ಕೇಳುವವರು ಅದನ್ನೇ ಕೇಳುತ್ತಾರೆ.