ಫೈರ್‌ಫ್ಲೈ: 14 ಕಂತುಗಳನ್ನು ಯಾವ ಕ್ರಮದಲ್ಲಿ ನೋಡಬೇಕು?

ನೀಲಿಪರದೆ:
ಫಾಕ್ಸ್ ವಾಹಿನಿ 2002ರಲ್ಲಿ ಅರ್ಧಕ್ಕೇ ನಿಲ್ಲಿಸಿದ ಬಾಹ್ಯಾಕಾಶದ ಧಾರಾವಾಹಿ ‘ಫೈರ್‌ಫ್ಲೈ’ ನೋಡಬೇಕು ಅಂತಿದ್ದೇನೆ. ಒಂದು ಪಟ್ಟಿಯಲ್ಲಿ ಮೊದಲ ಕಂತು ‘ಸೆರೆನಿಟಿ’, ಇನ್ನೊಂದರಲ್ಲಿ ‘ದ ಟ್ರೇನ್ ಜಾಬ್’. ಒಂದು ಕಡೆ 11 ಕಂತು ಅಂತಾರೆ, ಇನ್ನೊಂದು ಕಡೆ 14. ಯಾವುದು ಸರಿ? ಅಮೆರಿಕದ ಡಿವಿಡಿ ತರಿಸಿದರೆ ನಮ್ಮ ಪ್ಲೇಯರಿನಲ್ಲಿ ಓಡುತ್ತದಾ? ಇದೇ ರೀತಿ ಬೇಗ ನಿಂತುಹೋದ ಬೇರೆ ಒಳ್ಳೆಯ ಧಾರಾವಾಹಿಗಳಿದ್ದರೂ ಹೇಳಿ. ದಯವಿಟ್ಟು ಕಥೆ ಬಿಟ್ಟುಕೊಡಬೇಡಿ.

ಅಂಚಿನಮನೆ:
ತಯಾರಾದದ್ದು 14, ಫಾಕ್ಸ್ ತೋರಿಸಿದ್ದು 11. ಡಿವಿಡಿಯ ಕ್ರಮವೇ ಸರಿ: ಸೆರೆನಿಟಿ, ದ ಟ್ರೇನ್ ಜಾಬ್, ಬುಶ್‌ವ್ಯಾಕ್ಡ್, ಶಿಂಡಿಗ್, ಸೇಫ್, ಅವರ್ ಮಿಸೆಸ್ ರೆನಾಲ್ಡ್ಸ್, ಜೇನ್ಸ್‌ಟೌನ್, ಔಟ್ ಆಫ್ ಗ್ಯಾಸ್, ಏರಿಯಲ್, ವಾರ್ ಸ್ಟೋರೀಸ್, ಟ್ರ್ಯಾಶ್, ದ ಮೆಸೇಜ್, ಹಾರ್ಟ್ ಆಫ್ ಗೋಲ್ಡ್, ಆಬ್ಜೆಕ್ಟ್ಸ್ ಇನ್ ಸ್ಪೇಸ್.

ಗೊಂದಲ ಹುಟ್ಟಿದ್ದೇ ವಾಹಿನಿಯಿಂದ. ಎರಡು ಗಂಟೆಯ ಸ್ಲಾಟಿಗೆ ಮಾಡಿದ್ದ ಆರಂಭದ ಕಂತು ‘ಸೆರೆನಿಟಿ’ ಫಾಕ್ಸ್‌ನವರಿಗೆ ಹಿಡಿಸಲಿಲ್ಲ. ಇನ್ನೊಂದು ಆರಂಭ ಬೇಕೆಂದರು. ಧಾರಾವಾಹಿಯ ಸೃಷ್ಟಿಕರ್ತ ಜಾಸ್ ವೀಡನ್ ಮತ್ತು ನಿರ್ಮಾಪಕ ಟಿಮ್ ಮಿನಿಯರ್ ಒಂದೇ ವಾರಾಂತ್ಯದಲ್ಲಿ ‘ದ ಟ್ರೇನ್ ಜಾಬ್’ ಬರೆದುಕೊಟ್ಟರು. 2002ರ ಸೆಪ್ಟೆಂಬರ್ 20ರಂದು ಪ್ರಸಾರ ಶುರುವಾದದ್ದು ಅದರಿಂದ. ನಿಜವಾದ ಮೊದಲ ಕಂತು ಬಂದದ್ದು ಡಿಸೆಂಬರ್ 20ಕ್ಕೆ, ಎಲ್ಲಕ್ಕಿಂತ ಕೊನೆಗೆ! ಪಾತ್ರಗಳು ಯಾರು, ಆ ಬಾಹ್ಯಾಕಾಶ ಹಡಗಿಗೆ ಯಾಕೆ ಹತ್ತಿದರು ಎಂಬುದೆಲ್ಲ ಅದರಲ್ಲೇ ಇದೆ. ಬ್ಯಾಡ್ಜರ್ ಎಂಬ ಪಾತ್ರದ ಪರಿಚಯವಾಗುವುದು ಅಲ್ಲಿ. ‘ಶಿಂಡಿಗ್’ನಲ್ಲಿ ಅವನು ಹಳೇ ಗುರುತಿನವನಂತೆ ಬರುತ್ತಾನೆ. ಟಿವಿಯಲ್ಲಿ ನೋಡಿದವರಿಗೆ ಅವನು ಯಾರೆಂದೇ ತಿಳಿಯಲಿಲ್ಲ.

ಎರಡು ಜೋಡಿಗಳನ್ನು ಮಾತ್ರ ಯಾವ ಕಾರಣಕ್ಕೂ ಹಿಂದುಮುಂದು ಮಾಡಬೇಡಿ. ‘ಏರಿಯಲ್’ ಆದ ಮೇಲೇ ‘ವಾರ್ ಸ್ಟೋರೀಸ್’. ‘ಅವರ್ ಮಿಸೆಸ್ ರೆನಾಲ್ಡ್ಸ್’ ಆದ ಮೇಲೇ ‘ಟ್ರ್ಯಾಶ್’.

ತಂತಿಬೇಲಿ:
ಫೈಲುಗಳನ್ನು ಜೆಲ್ಲಿಫಿನ್, ಕೋಡಿ ಥರದ ತಂತ್ರಾಂಶದಲ್ಲಿ ಜೋಡಿಸುವುದಾದರೆ ಅದು ಯಾವ ಕ್ರಮ ಹಿಡಿದಿದೆ ಎಂದು ಮೊದಲು ನೋಡಿ. ಪ್ರಸಾರದ ಕ್ರಮ ಹಿಡಿದಿದ್ದರೆ ಡಿವಿಡಿ ಕ್ರಮಕ್ಕೆ ಬದಲಿಸಿ, ಆಮೇಲೆ ಮತ್ತೆ ಸ್ಕ್ಯಾನ್ ಮಾಡಿ. ಕಡತದ ಹೆಸರಿನ ಸಂಖ್ಯೆ ಒಂದು ಕ್ರಮದ್ದು, ತಂತ್ರಾಂಶ ಎಳೆದುಕೊಳ್ಳುವ ಮಾಹಿತಿ ಇನ್ನೊಂದರದ್ದು ಆದರೆ ಶೀರ್ಷಿಕೆ ಒಂದು ಇರುತ್ತದೆ, ಓಡುವುದು ಬೇರೆ ಕಂತು. ಮೊದಲ ಕಂತನ್ನು ಎರಡು ತುಂಡು ಮಾಡಿಟ್ಟಿದ್ದರೆ ಒಟ್ಟು 15 ಆಗಿ, ಮುಂದಿನದೆಲ್ಲ ಒಂದೊಂದು ಸಂಖ್ಯೆ ಸರಿಯುತ್ತದೆ. 2005ರ ಸಿನಿಮಾದ ಹೆಸರೂ ‘ಸೆರೆನಿಟಿ’ಯೇ. ಅದನ್ನು ಬೇರೆ ಫೋಲ್ಡರಿನಲ್ಲಿಟ್ಟು, ಹೆಸರಿನ ಜೊತೆ ಇಸವಿಯನ್ನೂ ಬರೆಯಿರಿ.

ಡಿವಿಡಿ ವಿಚಾರ: ಯಾವ ಪ್ರದೇಶದ ಪ್ಲೇಯರಿನಲ್ಲಿ ಓಡಬೇಕೆಂದು ಡಿವಿಡಿಗೆ ಹಾಕುವ ಸಂಖ್ಯೆಯೇ ರೀಜನ್. ಅಮೆರಿಕದ್ದು 1, ಭಾರತದ್ದು 5. ಎಲ್ಲ ರೀಜನ್ ಓದುವ ಪ್ಲೇಯರ್ ಇಲ್ಲದಿದ್ದರೆ ಓಡುವುದಿಲ್ಲ. ಕಂಪ್ಯೂಟರಿನ ಡ್ರೈವಿನಲ್ಲಿ ರೀಜನ್ ಬದಲಿಸಬಹುದು, ಆದರೆ 5 ಸಲ ಮಾತ್ರ. ಆಮೇಲೆ ಕೊನೆಯದರಲ್ಲೇ ಗಟ್ಟಿಯಾಗುತ್ತದೆ. ಪರೀಕ್ಷೆ ಮಾಡೋಣ ಅಂತ ಸುಮ್ಮನೆ ಬದಲಿಸುತ್ತಾ ಹೋಗಬೇಡಿ.

ಬ್ರಿಟನ್ನಿನ ಪ್ಯಾಲ್ (ಅಲ್ಲಿನ ಟಿವಿ ಮಾನದಂಡ) ಡಿವಿಡಿ ಸಿಕ್ಕರೆ 44 ನಿಮಿಷದ ಕಂತು ಸುಮಾರು 42ಕ್ಕೇ ಮುಗಿಯುತ್ತದೆ. ಏನನ್ನೂ ಕತ್ತರಿಸಿಲ್ಲ. ಸೆಕೆಂಡಿಗೆ 24 ಚೌಕಟ್ಟಿನ (ಫ್ರೇಮ್) ಚಿತ್ರವನ್ನು 25ರ ವೇಗದಲ್ಲಿ ಓಡಿಸುತ್ತಾರೆ, ಅದಕ್ಕೇ ದನಿಯೂ ಸ್ವಲ್ಪ ಏರಿರುತ್ತದೆ. ಚಿತ್ರದಲ್ಲಿ ಎಲ್ಲರೂ ತೆಳ್ಳಗೆ ಉದ್ದಕ್ಕೆ ಕಂಡರೆ ಪ್ಲೇಯರ್ 4:3ರಲ್ಲಿದೆ ಎಂದರ್ಥ, 16:9 ಮಾಡಿ. ಡಿವಿಡಿಯಲ್ಲಿರುವುದು ಅಗಲ ಪರದೆಯ ಚಿತ್ರ.

ಹಳೇಬೇರು:
ನಿಂತದ್ದು ಯಾಕೆ ಅನ್ನುವುದಕ್ಕೂ ಒಂದು ಮಾತು. ಅಮೆರಿಕದ ದೊಡ್ಡ ವಾಹಿನಿಗಳು ಆಗ ಸಾಮಾನ್ಯವಾಗಿ ಮೊದಲು 13 ಕಂತು ಕೇಳುತ್ತಿದ್ದವು, ರೇಟಿಂಗ್ ಬಂದರೆ ಇನ್ನೂ 9 ಸೇರಿಸಿ 22 ಮಾಡುತ್ತಿದ್ದವು. ತೀರ್ಪು ಬೀಳುತ್ತಿದ್ದದ್ದು ಮೊದಲ ಕೆಲವು ವಾರಗಳಲ್ಲೇ. ಫೈರ್‌ಫ್ಲೈಗೆ ಸಿಕ್ಕಿದ್ದು ಶುಕ್ರವಾರ ರಾತ್ರಿ, ಹರೆಯದವರು ಮನೆಯಲ್ಲಿರದ ಹೊತ್ತು. ನಡುವೆ ಬೇಸ್‌ಬಾಲ್ ಪಂದ್ಯಗಳಿಗಾಗಿ ಬಿಡುವು ಬೇರೆ. ಇಂಥ ಕಥೆಯನ್ನು ಆದಿ ಇಲ್ಲದೆ ತೋರಿಸಿ, ಜನ ಬರಲಿಲ್ಲ ಎಂದು ನಿಲ್ಲಿಸಿದ್ದು ಅನ್ಯಾಯವೇ. ಕೊನೆಗೆ ಚಿತ್ರೀಕರಣವಾದದ್ದು ‘ದ ಮೆಸೇಜ್’; ಆ ಹೊತ್ತಿಗೆ ರದ್ದಾದ ಸುದ್ದಿ ತಂಡಕ್ಕೆ ತಲುಪಿತ್ತು. ಆ ಕಂತಿನ ಕೊನೆಯ ದೃಶ್ಯಕ್ಕೆ ಗ್ರೆಗ್ ಎಡ್ಮನ್ಸನ್ ಕೊಟ್ಟ ಸಂಗೀತವನ್ನು ಕಿವಿಗೊಟ್ಟು ಕೇಳಿ, ಅದು ಧಾರಾವಾಹಿಗೇ ಹೇಳಿದ ವಿದಾಯ.

ಬೇರೆಯವು: ‘ಫ್ರೀಕ್ಸ್ ಆ್ಯಂಡ್ ಗೀಕ್ಸ್’, 18 ಕಂತು. ಎನ್‌ಬಿಸಿ ವಾಹಿನಿ 12 ತೋರಿಸಿ ರದ್ದು ಮಾಡಿತು. ಕಥೆ 1980ರ ಹೊತ್ತಿನದು, ಆ ಕಾಲದ ಹಾಡುಗಳು ತುಂಬಿವೆ. ಅವುಗಳ ಹಕ್ಕು ಬಗೆಹರಿದು ಡಿವಿಡಿ ಬರಲು 2004 ಆಯಿತು. ಹಾಡು ಬದಲಿಸದ ಪ್ರತಿಯನ್ನೇ ನೋಡಿ. ಹಾಸ್ಯ ಬೇಕಿದ್ದರೆ 1982ರ ‘ಪೊಲೀಸ್ ಸ್ಕ್ವಾಡ್!’, ಬರೀ 6 ಕಂತು. ಹಿನ್ನೆಲೆಯಲ್ಲೂ ತಮಾಷೆ ನಡೆಯುತ್ತಿರುತ್ತದೆ, ಫೋನ್ ಕೆಳಗಿಟ್ಟು ನೋಡಬೇಕು. ‘ಪುಶಿಂಗ್ ಡೇಸೀಸ್’ 22 ಕಂತು, ಅಂತ್ಯವನ್ನು ಅವಸರದಲ್ಲಿ ಕಟ್ಟಿದ್ದಾರೆ, ಆದರೂ ಅಂತ್ಯ ಅಂತ ಒಂದಿದೆ.

ನೀಲಿಪರದೆ:
ತುಂಬಾ ಉಪಕಾರವಾಯಿತು. 2005ರ ಸಿನಿಮಾವನ್ನು ಮೊದಲೇ ನೋಡಬಹುದಾ?

ಅಂಚಿನಮನೆ:
ಬೇಡ. 14 ಕಂತೂ ಮುಗಿದ ಮೇಲೆ. ಧಾರಾವಾಹಿ ಮುಚ್ಚಿಟ್ಟ ದೊಡ್ಡ ಗುಟ್ಟನ್ನು ಅದು ಬಿಚ್ಚುತ್ತದೆ.