ಜಸ್ಟ್ ಇನ್ ಟೈಮ್‌ಗೆ ಸಪ್ಲೈಯರ್‌ಗಳನ್ನು ಒಪ್ಪಿಸಿದ್ದು ಹೇಗೆ? ಅನುಭವ ಹೇಳಿ

ಪ್ರಶ್ನೆ: ನಮ್ಮಲ್ಲಿ ಮೂರು ವಾರದ ಸ್ಟಾಕ್ ಇರುತ್ತದೆ. ಜಸ್ಟ್ ಇನ್ ಟೈಮ್, ಅಂದರೆ ಮಾಲು ಕೂಡಿಡದೆ ಬೇಕಾದಾಗ ಬೇಕಾದಷ್ಟೇ ತರಿಸುವ ಪದ್ಧತಿಗಾಗಿ, ಅದನ್ನು ಎರಡು ದಿನಕ್ಕೆ ಇಳಿಸಬೇಕಂತೆ. ಸಪ್ಲೈಯರ್‌ಗಳು ಹಿಂದೇಟು ಹಾಕುತ್ತಿದ್ದಾರೆ. ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ಪರ್ಚೇಸ್ ವಿಭಾಗದಿಂದ: ನಾವು ಮಾಡಿದ ತಪ್ಪನ್ನೇ ಹೇಳುತ್ತೇನೆ. "ಇನ್ನು ದಿನಾ ಮಾಲು ಕಳಿಸಿ" ಅಂತ ಪತ್ರ ಬರೆದು ಕೂತೆವು. ನಮ್ಮ ಸ್ಟೋರ್ ಖಾಲಿಯಾಯಿತು, ಎಲ್ಲರಿಗೂ ಖುಷಿ. ಕೆಲವು ತಿಂಗಳ ಮೇಲೆ ಒಬ್ಬ ಸಪ್ಲೈಯರ್ ಶೆಡ್ಡಿಗೆ ಹೋದೆ. ಗೋಡೆಯುದ್ದಕ್ಕೂ ತಲೆ ಮಟ್ಟದವರೆಗೆ ಬಿನ್‌ಗಳು, ಎಲ್ಲದರ ಮೇಲೂ ನಮ್ಮದೇ ಪಾರ್ಟ್ ನಂಬರ್. ಸ್ಟಾಕ್ ಕಡಿಮೆ ಆಗಿರಲಿಲ್ಲ, ಅವರ ತಲೆ ಮೇಲೆ ಕೂತಿತ್ತು. ಕಾರಣ ನಾವೇ. ಬೆಳಿಗ್ಗೆ 200 ಅಂದು ಸಂಜೆ 500 ಅನ್ನುತ್ತಿದ್ದೆವು. ಒಂದು ಪಾರ್ಟ್‌ನಿಂದ ಇನ್ನೊಂದಕ್ಕೆ ಹೋಗುವಾಗ ಮೆಷಿನ್‌ನ ಡೈ (ಪಾರ್ಟ್‌ಗೆ ಆಕಾರ ಕೊಡುವ ಅಚ್ಚು) ಬದಲಿಸಲು ಅವರಿಗೆ ಮೂರು ಗಂಟೆ ಬೇಕು. ಹಾಗಾಗಿ ಒಂದೇ ಸಲ ದೊಡ್ಡ ಬ್ಯಾಚ್ ಹೊಡೆದು ಇಡುತ್ತಿದ್ದರು. ಬೇರೆ ದಾರಿ ಇರಲಿಲ್ಲ ಅಲ್ವಾ?

ಆಮೇಲೆ ನಮ್ಮ ಟೂಲ್ ರೂಮಿನ ಇಬ್ಬರು ಅಲ್ಲೇ ಹೋಗಿ ಅವರ ಜೊತೆ ನಿಂತರು. ಬೋಲ್ಟ್, ಸ್ಪ್ಯಾನರ್, ಮುಂದಿನ ಡೈ ಎಲ್ಲವನ್ನೂ ಮೆಷಿನ್ ನಿಲ್ಲಿಸುವ ಮೊದಲೇ ಪಕ್ಕದಲ್ಲಿ ಜೋಡಿಸಿಡುವ ಅಭ್ಯಾಸ ಆಯಿತು. ಮೂರು ಗಂಟೆಯ ಕೆಲಸ 40 ನಿಮಿಷಕ್ಕೆ ಬಂತು. ನಾವೂ ಎರಡು ವಾರದ ಪ್ಲ್ಯಾನ್ ಕೊಟ್ಟ ಮೇಲೆ ಅದನ್ನು ಮುಟ್ಟುವುದಿಲ್ಲ ಅಂತ ಮಾತು ಕೊಟ್ಟೆವು. ಬಿನ್‌ಗಳು ತಾವಾಗಿಯೇ ಕರಗಿದವು.

ಕ್ವಾಲಿಟಿಯಿಂದ: ಸ್ಟಾಕ್ ಕಡಿಮೆ ಇದ್ದಾಗ ಒಂದು ಬಿನ್ ರಿಜೆಕ್ಟ್ ಆದರೂ ಲೈನ್ (ಜೋಡಣೆಯ ಸಾಲು) ನಿಲ್ಲುತ್ತದೆ. ನಿಮ್ಮ ಗೇಜ್, ಅವರ ಗೇಜ್ ಒಂದೇ ಅಳತೆ ತೋರಿಸುತ್ತಾ ಅಂತ ಮೊದಲು ನೋಡಿ. ನಮ್ಮಲ್ಲಿ ಅರ್ಧ ಜಗಳ ಇದರಿಂದಲೇ ಆಗುತ್ತಿತ್ತು.

ಪ್ಲ್ಯಾನಿಂಗ್‌ನಿಂದ: ಒಬ್ಬರನ್ನೇ ನಂಬಿದರೆ ಏನಾಗುತ್ತದೆ ಅನ್ನುವುದಕ್ಕೆ ಟೊಯೋಟಾ ಕಥೆ ಇದೆ. 1997ರ ಫೆಬ್ರವರಿ 1ರಂದು ಜಪಾನಿನ ಕರಿಯಾದಲ್ಲಿ ಐಸಿನ್ ಸೈಕಿ ಕಾರ್ಖಾನೆಗೆ ಬೆಂಕಿ ಬಿತ್ತು. ಬ್ರೇಕ್‌ಗೆ ಬೇಕಾದ ಒಂದು ಸಣ್ಣ ವಾಲ್ವ್ ಬಹುತೇಕ ಅಲ್ಲಿಂದಲೇ ಬರುತ್ತಿತ್ತು. ಕೈಯಲ್ಲಿ ಸ್ಟಾಕ್ ತೀರಾ ಕಡಿಮೆ. ಟೊಯೋಟಾದ ಲೈನ್‌ಗಳು ನಿಂತವು. ಆದರೆ ಆ ವಾಲ್ವ್ ಎಂದೂ ಮಾಡದಿದ್ದ ಕಂಪನಿಗಳೂ ಡ್ರಾಯಿಂಗ್ ತೆಗೆದುಕೊಂಡು ಕೆಲಸಕ್ಕೆ ಇಳಿದವು. ಕೆಲವೇ ದಿನಗಳಲ್ಲಿ ಲೈನ್‌ಗಳು ಮತ್ತೆ ಓಡಿದವು. ವರ್ಷಗಟ್ಟಲೆ ಬೆಳೆಸಿಕೊಂಡ ನಂಬಿಕೆ ಇಲ್ಲದಿದ್ದರೆ ಯಾರು ಹಾಗೆ ಓಡಿ ಬರುತ್ತಾರೆ? ಆದರೂ ಒಬ್ಬರೇ ಮಾಡುವ ಪಾರ್ಟ್‌ಗೆ ನಾನು ಒಂದು ವಾರದ ಸ್ಟಾಕ್ ಬಿಟ್ಟುಕೊಡುವುದಿಲ್ಲ.

ಸಪ್ಲೈಯರ್ ಕಡೆಯಿಂದ: ನಮ್ಮ ಹಿಂದೇಟಿಗೆ ಕಾರಣ ಕೇಳಿ. ದಿನಾ ಕಳಿಸಿದರೆ ಗಾಡಿ ಅರ್ಧ ಖಾಲಿ ಓಡುತ್ತದೆ. ನಿಮ್ಮದೇ ಗಾಡಿ ಅಕ್ಕಪಕ್ಕದ ನಾಲ್ಕು ಸಪ್ಲೈಯರ್‌ಗಳ ಹತ್ತಿರ ಸುತ್ತಿ ಮಾಲು ಎತ್ತಿಕೊಂಡು ಹೋಗಲಿ. ಮಾಲು ದಿನಾ ಬೇಕು, ದುಡ್ಡು ಮಾತ್ರ 90 ದಿನಕ್ಕೆ ಅಂದರೆ ನಮಗೆ ಆಗುವುದಿಲ್ಲ. ಮೊದಲು ದಿನಾ ಓಡುವ ಒಂದೇ ಪಾರ್ಟ್ ತೆಗೆದುಕೊಂಡು, ನಮ್ಮ ಶೆಡ್ಡಿಗೆ ಬಂದು ಕೂತು ಮಾತಾಡಿ.